ತೆಗೆದುಹಾಕಿದ ಆರು ಉತ್ತರಗಳು

ಮಾರ್ಚ್ 14, ಭಾನುವಾರ

ಪ್ರೀತಿಯ ಮೀಸೆ,

ಹೇಗಿದ್ದೀಯ? ಮಂಡಿನೋವು ಸ್ವಲ್ಪ ತಗ್ಗಿತೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತವನನ್ನು ಬೈದುಕೊಂಡಿರುತ್ತೀಯ. ಬೈಯಬೇಕಾದ್ದೇ. ಪೆನ್ನು ಹಿಡಿದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗಿ ಎದ್ದು ಹೋಗುತ್ತಿದ್ದೆ.

ನೀನು ಕೇಳಿದ ಸುದ್ದಿ ನಿಜ. ಜಾಗತಿಕ ನಾಯಕತ್ವದಲ್ಲಿ ನನಗೆ ಡಾಕ್ಟರೇಟ್ ಬಂತು. ನೀನು ಓಡಿಸುತ್ತಿದ್ದ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದವನು ಡಿಪೋ ಮ್ಯಾನೇಜರಾದದ್ದೇ ದೊಡ್ಡದು, ಅದರ ಮೇಲೆ ಇದು. ಮೂರು ವರ್ಷ ಡ್ಯೂಟಿ ಮುಗಿಸಿ ಬಂದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓದಿದೆ. ಆನ್‌ಲೈನ್ ತರಗತಿಯಲ್ಲಿ ಮೂವತ್ತು ಜನ, ಮೂವತ್ತು ಕಪ್ಪು ಚೌಕ. ಒಬ್ಬರ ಮುಖವನ್ನೂ ನೋಡಲಿಲ್ಲ. ಗೈಡ್ ಕಾರಿನಲ್ಲಿ ಕೂತು ‘ಕೈಕೆಳಗಿನವರ ಘನತೆ’ ಎಂಬ ಪಾಠ ಮಾಡಿದರು, ನಡುನಡುವೆ ತಮ್ಮ ಡ್ರೈವರನ್ನು ಬೈಯುತ್ತ. ಕೊನೆಯ ಮೌಖಿಕ ಪರೀಕ್ಷೆ ಹನ್ನೆರಡೇ ನಿಮಿಷ. ಪರೀಕ್ಷಕರು ಏನನ್ನೋ ಅಗಿಯುತ್ತ, ನಿಮ್ಮ ಪ್ರಬಂಧ ಯಾವುದರ ಬಗ್ಗೆ ಎಂದು ನನ್ನನ್ನೇ ಕೇಳಿದರು.

ನಗುವಂಥದ್ದು ಇಲ್ಲಿಗೆ ಮುಗಿಯಿತು.

ನೌಕರರ ಮಾತಿಗೆ ಕಿವಿಗೊಡುವ ನಾಯಕ, ಇದು ನನ್ನ ವಿಷಯ. ಡಿಪೋದ ನಲವತ್ತು ಡ್ರೈವರುಗಳಿಗೆ ಪ್ರಶ್ನೆಗಳ ಹಾಳೆ ಹಂಚಿದ್ದೆ. ಮೂವತ್ನಾಲ್ಕು ಜನ ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದ್ದರು. ಆರು ಜನ ಮಾತ್ರ, ಹೆಸರು ಸಮೇತ, ಎರಡು ಟ್ರಿಪ್ಪಿನ ನಡುವಿನ ವಿಶ್ರಾಂತಿ ಸಾಲುತ್ತಿಲ್ಲ, ಸ್ಟೇರಿಂಗ್ ಹಿಡಿದಲ್ಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ಹೇಳಿದರೆ ಕೇಳುವವರಿಲ್ಲ ಎಂದು ಬರೆದಿದ್ದರು. ಗೈಡಿಗೆ ತೋರಿಸಿದೆ.

"ಈ ಆರು ತೆಗೆದುಬಿಡಿ. ಇವಿದ್ರೆ ನಿಮ್ಮ ವಾದ ನಿಲ್ಲಲ್ಲ," ಅಂದರು.

ತೆಗೆದೆ. ಬೇಗ ಮುಗಿದರೆ ಸಾಕಾಗಿತ್ತು. ಟ್ರಿಪ್ಪುಗಳ ವೇಳಾಪಟ್ಟಿ ಬರೆಯುವವನು ನಾನೇ. ಅದನ್ನಾದರೂ ಸಡಿಲಿಸಬಹುದಿತ್ತು, ಸಡಿಲಿಸಲಿಲ್ಲ.

ಹೋದ ತಿಂಗಳು ಆ ಆರರಲ್ಲಿ ಒಬ್ಬ ಮಟಮಟ ಮಧ್ಯಾಹ್ನ ಬಸ್ಸನ್ನು ಗೋಡೆಗೆ ಗುದ್ದಿದ. ಪುಣ್ಯಕ್ಕೆ ಬಸ್ಸು ಖಾಲಿಯಿತ್ತು. ಅವನ ಬಲಗಾಲು ಮೂರು ಕಡೆ ಮುರಿದಿದೆ, ಇನ್ನು ಬಸ್ಸು ಓಡಿಸಲಾರ ಎಂದಿದ್ದಾರೆ ಆಸ್ಪತ್ರೆಯಲ್ಲಿ. ಅದೇ ವಾರ ಮೇಲಿನ ಕಚೇರಿಯವರು ನನಗೆ ಸನ್ಮಾನ ಇಟ್ಟುಕೊಂಡರು. ಕೈಗಿತ್ತ ಹೂಗುಚ್ಛ ಹಿಡಿದು ಫೋಟೋಕ್ಕೆ ನಿಂತೆ. ನನ್ನ ಕೋಣೆಯ ಬಾಗಿಲ ಬೋರ್ಡಿನಲ್ಲಿ ಹೆಸರಿಗೆ ‘ಡಾ.’ ಸೇರಿಸಿದ್ದಾರೆ. ನೋಡಿದರೆ ಉಗಿಯೋಣ ಅನ್ನಿಸುತ್ತದೆ. ಆದರೂ ತೆಗೆಸಿಲ್ಲ, ನೋಡು.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಮೊಮ್ಮಗಳಿಗೆ ಆಶೀರ್ವಾದ. ಏನನ್ನೇ ಓದಲಿ, ಓದಿದ್ದಕ್ಕೆ ನಾಚಿಕೊಳ್ಳುವ ಗತಿ ಅವಳಿಗೆ ಬಾರದಿರಲಿ.

ನಿನ್ನ ಹಳೆಯ
ಕಂಡಕ್ಟರ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಪಘಾತದ ವಿಚಾರಣೆ ನಾಳೆ. ನಿನ್ನೆ ಆ ಡ್ರೈವರನ ಮನೆಗೆ ಹೋಗಿದ್ದೆ, ಎಲ್ಲ ಹೇಳಿಬಿಡಬೇಕೆಂದೇ. ಅವನ ಹೆಂಡತಿ ಕುರ್ಚಿ ಒರೆಸಿ ಹಾಕಿದಳು. ಅವನು ಮಲಗಿದಲ್ಲಿಂದ ಏಳಲು ನೋಡಿ, ಆಗದೆ, "ಡಾಕ್ಟ್ರಾದ್ರಂತೆ ಸಾರ್, ತುಂಬಾ ಸಂತೋಷ. ತಪ್ಪು ನಂದೇ, ಕಣ್ಣು ಹತ್ಬಿಡ್ತು. ನಾಡಿದ್ದು ವಿಚಾರಣೇಲೂ ಹಾಗೇ ಹೇಳ್ತೀನಿ. ನಿಮಗೆ ತೊಂದ್ರೆ ಆಗ್ಬಾರ್ದು," ಅಂದ.

ನಾನು, "ಹಾಗೇ ಹೇಳು," ಅಂದೆ.