ಹತ್ತಕ್ಕೆ ಎಷ್ಟು

ಆಪ್ತಸಲಹೆಗಾರ್ತಿ ಮೇಡಂ ಅವರಿಗೆ, ನಮಸ್ಕಾರ.

ನಿಮ್ಮ ಆನ್‌ಲೈನ್ ಪಾಠ ಚೆನ್ನಾಗಿಯೇ ಇದೆ, ತಪ್ಪು ತಿಳಿಯಬೇಡಿ. ವಾರಕ್ಕೊಮ್ಮೆ ಭಯವನ್ನು ಹಾಳೆಯಲ್ಲಿ ಬರೆದು, ಪುರಾವೆ ಹುಡುಕಿ, ಹತ್ತಕ್ಕೆ ಅಂಕ ಕೊಡುವುದನ್ನು ನಿಮ್ಮಿಂದಲೇ ಕಲಿತೆ. ಮೊದಲ ವಾರ "ಗಂಡ ನನ್ನನ್ನು ಕೂಡಿಹಾಕುತ್ತಾರೆ" ಎಂದು ಬರೆದು ಒಂಬತ್ತು ಕೊಟ್ಟಿದ್ದೆ. "ಹಗ್ಗ ಕಂಡು ಹಾವು ಅಂತ ಹೆದರ್ತಿದ್ದೀರಿ, ಪುರಾವೆ ಎಲ್ಲಿದೆ? ಹಾಳೆಯನ್ನ ಅವರಿಗೇ ತೋರಿಸಿ ಮಾತಾಡಿ" ಎಂದಿರಿ. ತೋರಿಸಿದೆ.

ಅವರು ಬಡಗಿ, ಕೆಲಸದಲ್ಲಿ ಎತ್ತಿದ ಕೈ. ಮರುದಿನವೇ ನನ್ನ ಹೊಲಿಗೆ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಕೂರಿಸಿದರು. ಪುರಾವೆಯೇನೋ ಸಿಕ್ಕಿತು, ಬರೆಯಲು ನಿಮ್ಮ ಹಾಳೆಯೇ ನನ್ನ ಕೈಯಲ್ಲಿಲ್ಲ. ನನ್ನ ಫೋನು ಈಗ ಅವರ ಜೇಬಿನಲ್ಲಿದೆ, ಹಾಳೆಯನ್ನು ಅವರೇ ತುಂಬಿ ಕಳಿಸುತ್ತಾರೆ: ಆರು, ನಾಲ್ಕು, ಎರಡು. "ಭೇಷ್, ಎಷ್ಟು ಬೇಗ ಸುಧಾರಿಸ್ತಿದ್ದೀರಿ!" ಎಂಬ ನಿಮ್ಮ ಉತ್ತರವನ್ನು ಬಾಗಿಲಾಚೆ ನಿಂತು ಓದಿ ಹೇಳುತ್ತಾರೆ.

"ಕೇಳಿಸ್ತಾ? ಮೇಡಂಗೂ ಖುಷಿಯಾಗಿದೆ ಕಣೇ."

ಅಳತೆ ಚೀಟಿಯ ಮೇಲೆ ಬರೆದ ಈ ಪತ್ರವನ್ನು ನಾನು ಹೊಲಿದ ಶಾಲೆಯ ಅಂಗಿಯೊಂದರ ಜೇಬಿನಲ್ಲಿಡುತ್ತಿದ್ದೇನೆ. ಬಟ್ಟೆಯ ಗಂಟನ್ನು ಅಂಗಡಿಗೆ ಒಯ್ಯುವವರೂ ನನ್ನ ಗಂಡನೇ. ಅಂಗಡಿಯ ಅಕ್ಕ ಹೊಲಿಗೆ ಬಿಟ್ಟಿದೆಯೇ ಎಂದು ಪ್ರತಿ ಜೇಬಿಗೂ ಕೈಹಾಕಿ ನೋಡುತ್ತಾರೆ; ಆ ಅಕ್ಕ ಇದನ್ನು ಅಂಚೆಗೆ ಹಾಕಿಯಾರು.

ದಯವಿಟ್ಟು ಫೋನಿನಲ್ಲಿ ಉತ್ತರಿಸಬೇಡಿ. ನಮ್ಮ ಮನೆಯ ವಿಳಾಸ ಹಿಂಬದಿಯಲ್ಲಿದೆ, ಪೊಲೀಸರನ್ನು ಕಳಿಸಿ. ಸೋಮವಾರದ ಹಾಳೆಯಲ್ಲಿ ಸೊನ್ನೆ ಬಂದರೂ ಭೇಷ್ ಎನ್ನಬೇಡಿ.

ಇಂತಿ,
ಇನ್ನೂ ಒಂಬತ್ತರಲ್ಲೇ ಇರುವ ನಿಮ್ಮ ವಿದ್ಯಾರ್ಥಿನಿ