ತಗಡಿನ ಕೆಳಗೆ ಇರಬೇಕಾದದ್ದು

ತಾರೀಕು ೧೪, ಭಾನುವಾರ

ಪ್ರೀತಿಯ ತಮ್ಮಾ,

ನೀನು, ನಿನ್ನ ಹೆಂಡತಿ, ಮಕ್ಕಳು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡೂ ಕಾಗದ ಬಂದವು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಮಗಳು ಗುಬ್ಬಿ ಹೋದಮೇಲೆ ಡೈರಿಯಲ್ಲಿ ದಿನಕ್ಕೊಂದು ಸಾಲು ಬರೆಯುವುದೇ ಕಷ್ಟವಾಗಿದೆ.

ಹೊಸ ಊರಿನ ಗ್ಯಾರೇಜಿನಲ್ಲಿ ನಿನಗೆ ಒಳ್ಳೆಯ ಹೆಸರು ಬಂದಿದೆಯಂತೆ, ಸಂತೋಷ. ನಾನು ಇಲ್ಲಿ ಬ್ರೇಕು, ಆಯಿಲ್ ಅಂತ ಬಂದವರ ಕೆಲಸ ಮಾಡಿಕೊಡುತ್ತೇನೆ. ರೇಸ್ ಟ್ರ್ಯಾಕಿಗೆ ಹೋಗುವ ಕಾರು ಮುಟ್ಟುವುದಿಲ್ಲ. ನಿನ್ನ ಅತ್ತಿಗೆ ಮುಂದಿನ ವಾರ ಅವಳ ಅಕ್ಕನ ಮನೆಗೆ ಹೊರಟಿದ್ದಾಳೆ. ಯಾವಾಗ ಬರುತ್ತೇನೆಂದು ಹೇಳಿಲ್ಲ.

ಮೊನ್ನೆ ಅಪಘಾತದ ತನಿಖೆಯವರು ಮಗಳ ರೇಸ್ ಕಾರನ್ನು ವಾಪಸ್ ಕಳಿಸಿದರು. "ಗುಜರಿಗೆ ಹಾಕ್ಬಿಡಿ ಸಾರ್, ನೋಡ್ತಾ ಕೂತ್ಕೋಬೇಡಿ" ಎಂದು ಲಾರಿಯವನು ಇಳಿಸಿಹೋದ. ನಿನ್ನೆ ಜ್ಯಾಕ್ ಕೊಟ್ಟು ಕೆಳಗೆ ತೂರಿದೆ.

ಅದಕ್ಕೆ ಸೀಟ್ ಬೆಲ್ಟ್ ಹಾಕಿದ ದಿನ ನೆನಪಿದೆಯಾ? ಸೀಟಿನ ಹಿಂದಿನ ಅಡ್ಡಪೈಪಿಗೆ ಭುಜದ ಪಟ್ಟಿಗಳನ್ನು ಬಿಗಿದವನು ನಾನು. ಸೊಂಟದ ಪಟ್ಟಿಗಳ ಬೋಲ್ಟನ್ನು ನೆಲದ ತಗಡಿಗೆ ಕೂರಿಸಿದವನು ನೀನು. ಅಳತೆಗೆಂದು ಸೀಟಿನಲ್ಲಿ ಕೂತಿದ್ದ ಅವಳು, "ತೊಟ್ಟಿಲಿಗೆ ಹಾಕಿ ಕಟ್ಟಿದ ಹಾಗಾಯ್ತಲ್ಲ ಚಿಕ್ಕಪ್ಪಾ, ಇನ್ನು ಜೋಗುಳ ಒಂದು ಬಾಕಿ" ಎಂದು ನಗುತ್ತಿದ್ದಳು. ಒಬ್ಬ ಬಿಗಿದದ್ದನ್ನು ಇನ್ನೊಬ್ಬ ನೋಡಿ ಬೋಲ್ಟಿನ ಮೇಲೆ ಹಳದಿ ಗೆರೆ ಎಳೆಯಬೇಕೆಂಬುದು ಅಪ್ಪ ಮಾಡಿದ ಕಟ್ಟಳೆ. ನಾನು ನೋಡಲು ಬಗ್ಗಿದೆ. "ಬೋಲ್ಟ್ ಕಿತ್ತು ಬರದ ಹಾಗೆ ತಗಡಿನ ಕೆಳಗೆ ಉಕ್ಕಿನ ಪ್ಲೇಟ್ ಕೊಟ್ಟಿದ್ದೀನಿ ಕಣಣ್ಣ. ಆ ಮಂಡಿನೋವು ಇಟ್ಕೊಂಡು ಯಾಕೆ ತೂರ್ತೀಯ? ನನ್ ಮೇಲೆ ನಂಬಿಕೆ ಇಲ್ವಾ?" ಎಂದೆ ನೀನು. ನಾನು ಮೇಲಿನಿಂದಲೇ ಗೆರೆ ಎಳೆದುಬಿಟ್ಟೆ.

ಬೋಲ್ಟ್ ಕಿತ್ತುಬಂದಿತ್ತೆಂದು ತನಿಖೆಯವರು ಹೇಳಿದಾಗಲೂ, ಆ ಹೊಡೆತಕ್ಕೆ ಪ್ಲೇಟೂ ತಡೆಯಲಿಲ್ಲವೇನೋ ಎಂದುಕೊಂಡಿದ್ದೆ. ತಮ್ಮಾ, ಪ್ಲೇಟೇ ಇಲ್ಲ. ಅಂಗೈಯಗಲದ ಉಕ್ಕು ಇರಬೇಕಾದಲ್ಲಿ ಕೋಟಿನ ಗುಂಡಿಯಷ್ಟಗಲದ ವಾಷರ್, ಅದು ಕಾಣದ ಹಾಗೆ ಕಪ್ಪು ಬಣ್ಣ. ಒಂದು ಕಡೆ ತಗಡು ಕಾಗದದ ಹಾಗೆ ಹರಿದಿದೆ. ಪ್ಲೇಟುಗಳು ಇಲ್ಲಿನ ನಿನ್ನ ಹಳೆಯ ಡ್ರಾಯರಿನಲ್ಲೇ ಸಿಕ್ಕವು, ತೂತು ಕೊರೆದಿರಲಿಲ್ಲ. ಕೊರೆಯಲು ಹದಿನೈದು ನಿಮಿಷ ಸಾಕಿತ್ತು. ಬಣ್ಣ ಬಳಿಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿದಿರಬೇಕು.

ನೋಡದೆ ಗೆರೆ ಎಳೆದ ತಪ್ಪು ನನ್ನದು. ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಮಕ್ಕಳನ್ನು ಚೆನ್ನಾಗಿ ಓದಿಸು. ದೊಡ್ಡಪ್ಪನ ಆಶೀರ್ವಾದ ಅವರ ಮೇಲೆ ಸದಾ ಇದೆ ಎಂದು ಹೇಳು.

ಇಂತಿ,
ನಿನ್ನ ಅಣ್ಣ

ಬರೆಯಬಾರದೆಂದುಕೊಂಡ ಮಾತು: ಮಗಳನ್ನು ಮಣ್ಣು ಮಾಡಿದ ದಿನ ಅಡುಗೆಮನೆಯಲ್ಲಿ ನಿನ್ನ ಅತ್ತಿಗೆ, "ನೀನಾದ್ರೂ ನಿಜ ಹೇಳಪ್ಪ, ಆ ಬೋಲ್ಟ್ ಹಾಕಿದ್ದು ಯಾರು?" ಎಂದು ಕೇಳಿದಳು. "ಬೆಲ್ಟಿನ ಕೆಲಸ ಪೂರ್ತಿ ಅಣ್ಣಂದೇ ಅತ್ತಿಗೆ, ನಾನು ಮುಟ್ಲಿಲ್ಲ" ಎಂದೆ ನೀನು. ನಾನು ಬಾಗಿಲ ಹೊರಗೇ ನಿಂತಿದ್ದೆ. ದುಃಖದಲ್ಲಿ ಬಾಯಿತಪ್ಪಿ ಅಂದಿದ್ದೀಯೆಂದು ಅಲ್ಲಿಂದಲೇ ಹಿಂತಿರುಗಿದೆ. ಅಂದಿನಿಂದ ಅವಳು ತಟ್ಟೆ ಇಡುತ್ತಾಳೆ, ಮಾತಾಡುವುದಿಲ್ಲ. ಈಗ ನಾನು ಏನು ಹೇಳಿದರೂ ನುಣುಚಿಕೊಳ್ಳುತ್ತಿದ್ದೇನೆ ಅನ್ನುತ್ತಾಳೆ. ನೀನು ಹೇಳಿದರೆ ನಂಬುತ್ತಾಳೆ. ಅವಳು ಹೊರಡುವುದರೊಳಗೆ ಒಮ್ಮೆ ಬಾ. ನನ್ನ ಮುಖ ನೋಡಬೇಕಾಗಿಲ್ಲ. ಬರುವ ದಿನ ತಿಳಿಸು, ನಾನು ಮನೆಯಲ್ಲಿರುವುದಿಲ್ಲ.