ಮೂರನೆಯ ಬಾವಿಯ ನೀರು

ತಿಳವಳ್ಳಿ,
ತಾ. ೧೬ ಮೇ ೧೯೩೮

ಸವಣೂರಿನ ಎಲೆತೋಟದ ಯಜಮಾನರಿಗೆ, ಸಿಟ್ಟು ಇನ್ನೂ ಪೂರ್ತಿ ಇಳಿಯದ ನಿಮ್ಮ ಶಾರವ್ವ ಮಾಡುವ ವಂದನೆ.

ನಾನು ಕ್ಷೇಮ. ಅವ್ವನ ಕೈಯೂಟ ಉಂಡು ಮೈ ತುಂಬಿಕೊಂಡಿದ್ದೇನೆ. ಹಳೆಯ ಕುಬಸಗಳೆಲ್ಲ ಬಿಗಿಯಾಗಿವೆ.

ಜನವರಿಯಲ್ಲಿ ನಾನು ಟ್ರಂಕು ಎತ್ತಿಕೊಂಡು ತವರಿಗೆ ಬಂದದ್ದು ಯಾಕೆಂದು ನಿಮಗೆ ಗೊತ್ತು. ಕಲ್ಲು ಒಡೆದು ಮೊದಲ ಬಾವಿ ತೋಡಿದಿರಿ. ನೆರೆಹೊಲದ ಉಳಿವೆಪ್ಪ ಬಂದು ಜಾಗ ತನ್ನದೆಂದ, ಬಿಟ್ಟುಕೊಟ್ಟಿರಿ. ಎರಡನೆಯದನ್ನು ತೋಡಿದಿರಿ, ಪರಮೇಶ್ವರಪ್ಪ ತನ್ನ ಬಾವಿಯ ಸೆಲೆ ಕದ್ದಿರೆಂದು ಕೂಗಾಡಿದ, ಅದನ್ನೂ ಬಿಟ್ಟುಕೊಟ್ಟಿರಿ. "ನೆಲದಾಗ ನೀರು ಭಾಳ ಅದ ಶಾರವ್ವ, ಮುಂದ ಹೋಗಿ ತೋಡೋಣು" ಅಂದಿರಿ. ನಾನು ನಿಮ್ಮನ್ನು ಹೆದರುಪುಕ್ಕ ಎಂದು ಬೈದು ಹೊಸಿಲು ದಾಟಿದೆ. ನೀವು ತಡೆಯಲೂ ಇಲ್ಲ.

ಇಲ್ಲಿ ಸಂಜೆಯ ಪ್ರಾರ್ಥನೆಗೆ ಅಪ್ಪ ಬೇಕೆಂದೇ ಪವಿತ್ರಗ್ರಂಥದ ಆ ಹಳೆಯ ಇಸಾಕನ ಕಥೆ ಓದುತ್ತಾರೆ, ನಿಮಗೆ ಯಾರ ಹೆಸರಿಟ್ಟಿದ್ದಾರೋ ಅವನದು. ತಂದೆ ಅಬ್ರಹಾಮ ದೇವರಿಗೆ ಬಲಿ ಕೊಡಲೆಂದು ಕಟ್ಟಿಗೆಯ ಮೇಲೆ ಕಟ್ಟಿ ಮಲಗಿಸಿದಾಗಲೂ ಆತ ಎದುರಾಡಲಿಲ್ಲವಂತೆ. ಆತ ತೋಡಿದ ಬಾವಿಗಳಿಗೂ ನೆರೆಯವರು ತಕರಾರು ತೆಗೆದರು. ಬಿಟ್ಟು ಮುಂದೆ ಹೋದ. ಮೂರನೆಯದಕ್ಕೆ ಯಾರೂ ಬರಲಿಲ್ಲ. ಆಮೇಲೆ ಅವನನ್ನು ಓಡಿಸಿದವರೇ ಸಂಧಾನಕ್ಕೆ ಬಂದರೆ ಊಟ ಹಾಕಿ ಕಳಿಸಿದ. "ಅಂಥಾ ಗಂಡನ ಕೂಡ ಅವನ ಹೆಂಡ್ತಿ ಹೆಂಗ ಬಾಳ್ವೆ ಮಾಡಿದ್ಲೋ" ಅಂದೆ. ಅಪ್ಪ ಕನ್ನಡಕ ತೆಗೆದು, "ಟ್ರಂಕ್ ಹೊತ್ಕೊಂಡು ತವರಿಗೆ ಹೋದ್ಲಂತ ಎಲ್ಲೂ ಬರದಿಲ್ಲವ್ವ" ಅಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ಇಸಾಕ ಮಕ್ಕಳಿಗಾಗಿ ಇಪ್ಪತ್ತು ವರ್ಷ ಕಾದ ಭಾಗ ಬಂದಾಗ ಮಾತ್ರ ನಾನು ಎದ್ದು ಒಳಗೆ ಹೋದೆ. ನಮ್ಮ ಹನ್ನೊಂದು ವರ್ಷ ನೆನಪಾದವು.

ಮೊನ್ನೆ ಎಲೆ ಮಾರಲು ಬಂದ ನಿಯಾಜ ನಿಮ್ಮ ಮೂರನೆಯ ಬಾವಿಯ ಸುದ್ದಿ ಹೇಳಿದ. ಸಿಹಿನೀರು ಬಿದ್ದಿದೆಯಂತೆ. ಉಳಿವೆಪ್ಪ, ಪರಮೇಶ್ವರಪ್ಪ ಇಬ್ಬರೂ ಬಂಡಿ ಹೂಡಿಕೊಂಡು ಬಂದದ್ದನ್ನು ನೋಡಿ ಮತ್ತೆ ಜಗಳಕ್ಕೇ ಬಂದರೆಂದುಕೊಂಡನಂತೆ. ನೋಡಿದರೆ ಬಾವಿಕಟ್ಟೆಗೆ ಕಲ್ಲು ತಂದಿದ್ದರು! "ಈ ಮನುಷ್ಯಾನ ಕೂಡ ಜಗಳಾಡಿ ಸಾಕಾತು, ತಿರುಗಿ ಒಂದು ಮಾತೂ ಆಡಂಗಿಲ್ಲ" ಅಂದರಂತೆ. ನೀವೇ ರೊಟ್ಟಿ ಬಡಿದು ಉಣಿಸಿದಿರಂತೆ. ನಿಮ್ಮ ಕೈ ರೊಟ್ಟಿ ತಿಂದೂ ಉಳಿದ ಸ್ನೇಹ ಗಟ್ಟಿಯದೇ ಇರಬೇಕು.

ನಾನು ಅಂದದ್ದು ತಪ್ಪು. ಹೆದರಿದವಳು ನಾನು. ಎಲ್ಲವನ್ನೂ ಬಿಟ್ಟುಕೊಡುವವರು ಒಂದು ದಿನ ನನ್ನನ್ನೂ ಬಿಟ್ಟುಕೊಟ್ಟಾರು ಎಂದು ಹೆದರಿದ್ದೆ. ಆ ಬಾವಿಯ ನೀರು ಒಂದು ಕೊಡ ತನ್ನಿ. ನಿಯಾಜನ ಕೈಯಲ್ಲಿ ಕಳಿಸಬೇಡಿ, ನೀವೇ ತನ್ನಿ. ಯಾಕೋ ಬಾಯಿ ಅದನ್ನೇ ಬೇಡುತ್ತಿದೆ.

ಇಂತಿ, ಬರೆಯುತ್ತಾ ಸಿಟ್ಟು ಇಳಿದ,
ನಿಮ್ಮ ಶಾರವ್ವ

ತಾ.ಕ.: ನೀರು ಬಯಕೆಯದು. ನನಗೀಗ ಏಳು ತಿಂಗಳು. ಇಷ್ಟು ವರ್ಷದ ಮೇಲೆ ಬಂದ ಭಾಗ್ಯ, ಗಟ್ಟಿಯಾಗುವ ತನಕ ಹೇಳಲು ಧೈರ್ಯ ಬರಲಿಲ್ಲ. ಸೂಲಗಿತ್ತಿ ಶಿವಬಸವ್ವ ಹೊಟ್ಟೆ ಮುಟ್ಟಿ ನೋಡಿ, "ಎರಡು ಅದಾವ, ಒಳಗ ಗುದ್ದಾಡಾಕತ್ತಾವ" ಅಂದಳು. ಆ ಇಸಾಕನ ಹೆಂಡತಿಯ ಹೊಟ್ಟೆಯಲ್ಲೂ ಅವಳಿಗಳು ಹೀಗೇ ಗುದ್ದಾಡಿದ್ದವೆಂದು ಅಪ್ಪ ಪುಟ ತೆರೆದು ಕೂತಿದ್ದಾರೆ. ಇವರಿಬ್ಬರಿಗೆ ಜಾಗ ಬಿಟ್ಟುಕೊಟ್ಟು ಮುಂದೆ ಹೋಗಲು ನಿಮ್ಮಿಂದಾಗದು. ಬೇಗ ಬಂದು ನಿಮ್ಮ ಮಕ್ಕಳ ಜಗಳ ನೀವೇ ಬಿಡಿಸಿ.